ಮುನಿಶಾಮಮ್ಮ ಮಾಡಿದ ಪ್ರಮಾಣ

ನಮ್ಮಕ್ಕ ಮುನಿಶಾಮಮ್ಮ ದಪ್ಪ. ನಾನು ಅನಸೂಯ, ಒಣಕಲು. ಒಂದೇ ತಾಯಿಯ ಮಕ್ಕಳು. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಬಂಗಾರಪೇಟೆ ಪಕ್ಕದ ಹಳ್ಳಿಯ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅಕ್ಕನಿಗೆ ಅಮ್ಮನ ಮೈಕಟ್ಟು, ನನಗೆ ಅಪ್ಪನದು. ಇಷ್ಟು ಮಾತನ್ನು ನಮ್ಮತ್ತೆ ಮುತ್ಯಾಲಮ್ಮನ ತಲೆಗೆ ತುಂಬಲು ಹೋಗಿ ನನ್ನ ಗಂಟಲು ಹರಿದುಹೋಯಿತು.

ಆ ಮನೆಯಲ್ಲಿ ಮುದ್ದೆ ಕಟ್ಟುವುದು, ಬಡಿಸುವುದು ಎಲ್ಲ ಅತ್ತೆಯೇ. ನನ್ನ ತಟ್ಟೆಗೆ ಎರಡು ಬೀಳುತ್ತಿದ್ದವು. ದಪ್ಪಗಿದ್ದಾಳೆ ಅಂತ ಅಕ್ಕನಿಗೆ ಮೊದಲು ಒಂದು, ಆಮೇಲೆ ಅದೂ ಅರ್ಧಕ್ಕೆ ಇಳಿಯಿತು. ಅರೆಹೊಟ್ಟೆಯಲ್ಲೇ ಕೂಲಿಗೆ ಹೋಗಿ ಮಣ್ಣು ಹೊತ್ತಳು. ಮುಖ ಬಾಡಿತು, ರವಿಕೆ ಒಂದಿಷ್ಟು ಸಡಿಲವಾಯಿತು, ಅಷ್ಟೇ.

"ಕದ್ದು ತಿಂತವ್ಳೆ," ಅಂದರು ಅತ್ತೆ.

"ನಾನು ಎಲ್ಡು ಮುದ್ದೆ ನುಂಗ್ತೀನಲ್ಲ ಅತ್ತೆ, ನನ್ನ್ಯಾಕೆ ಕೇಳಲ್ಲ?"

"ನಿಂಗೆ ತಿಂದಿದ್ದು ಮೈಗೆ ಅತ್ತಲ್ಲ ಕಣೇ, ಪಾಪ."

ಥೂ! ನನಗೆ ಹತ್ತದಿದ್ದರೆ ಪಾಪ, ಅಕ್ಕನಿಗೆ ಹತ್ತಿದರೆ ಕಳ್ಳತನ.

ಕೊನೆಗೆ ಎಪ್ಪತ್ತೆಂಟನೇ ಇಸವಿಯಲ್ಲಿ ಅಕ್ಕನನ್ನು ಗಂಗಮ್ಮನ ಗುಡಿಗೆ ಎಳೆದುಕೊಂಡು ಹೋದರು. ನಮ್ಮ ಕಡೆ ಕಳ್ಳತನದ ಮಾತು ಬಂದರೆ ದೇವರ ಮುಂದೆ ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ ಪ್ರಮಾಣ ಮಾಡಬೇಕು. ಸುಳ್ಳಾಡಿದರೆ ಮನೆಗೆ ಕೇಡು. ಅಕ್ಕ ಅಂಗೈಯಿಂದ ಒತ್ತಿ ಆರಿಸಿದಳು. "ತಾಯಿ ಆಣೆಗೂ ಕದ್ದು ತಿಂದಿಲ್ಲ" ಅಂದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿಯುತ್ತೆ! ಮೈ ಇಳಿಯಲಿಲ್ಲವಲ್ಲ, ಪ್ರಮಾಣವೇ ಸುಳ್ಳು ಅಂದರು. ಹಸುವಿನ ಕರು ಸತ್ತರೂ ಅಕ್ಕನ ಸುಳ್ಳಿನಿಂದಲೇ, ಮಳೆಗೆ ಗೋಡೆ ಬಿದ್ದರೂ ಅಕ್ಕನಿಂದಲೇ. ಅಕ್ಕ ಮಾತ್ರ, "ನಾನು ಸುಳ್ಳಾಡಿಲ್ಲ, ಆ ತಾಯಿಗೆ ಗೊತ್ತು" ಅಂತ ಅದೊಂದನ್ನೇ ಹಿಡಿದುಕೊಂಡು ಬದುಕಿದಳು.

ಒಮ್ಮೆ ಮಣ್ಣಿನ ಮಂಕರಿ ಹೊತ್ತವಳೇ ತಲೆ ತಿರುಗಿ ಬಿದ್ದಳು. ಅವಳ ಗಂಡ ಆಂಜಿನಪ್ಪ ಭಾವ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕೆಲಸಕ್ಕೆ ಹೋಗುತ್ತಿದ್ದರು. ಅವರೇ ರೈಲು ಹತ್ತಿಸಿ ಅಲ್ಲಿಯ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದರು, ನಾನೂ ಹೋದೆ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ನಿಮ್ಮಮ್ಮ ಹೇಗಿದ್ರು? ಅಜ್ಜಿ?" ಅಂತ ಕೇಳಿದರು.

"ಇಬ್ರೂ ಇಂಗೇ ಸಾಮಿ," ಅಂದೆ ನಾನು.

"ಇದು ಸುಮಾರು ಮಟ್ಟಿಗೆ ವಂಶದಿಂದ ಬರುತ್ತಮ್ಮ. ಅದೇ ಊಟ ಒಬ್ಬರ ಮೈಗೆ ಹೆಚ್ಚು ಹತ್ತುತ್ತೆ, ಇನ್ನೊಬ್ಬರಿಗೆ ಹತ್ತಲ್ಲ. ಊಟದ ಪಾಲೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಹೀಗೆ ಉಪವಾಸ ಕೆಡವಿದ್ರೆ ಮೈಯಲ್ಲಿ ರಕ್ತ ಉಳಿಯಲ್ಲ."

ಭಾವ ಮನೆಗೆ ಬಂದು ಅದನ್ನೇ ಹೇಳಿದರು. "ಆ ಡಾಕ್ಟ್ರೇನು ನಮ್ಮನೆ ಮಡಿಕೆ ಕಾದಿದ್ನೇನ್ಲಾ?" ಅಂದರು ಅತ್ತೆ. ಭಾವ ಟವೆಲು ಹೆಗಲಿಗೆ ಹಾಕಿಕೊಂಡು ಗಣಿಗೆ ಹೊರಟುಬಿಟ್ಟರು.

ವರ್ಷಗಳು ಹಾಗೇ ಸವೆದವು. ಎಂಬತ್ತೆಂಟರ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಅಮ್ಮಾಜಿ ದೊಡ್ಡಮ್ಮನ ಥರವೇ ಮೈ ತುಂಬಿಕೊಂಡಳು. ಅದೇ ತೋಳು, ಅದೇ ಕೆನ್ನೆ. ಈಗಲಾದರೂ ಅತ್ತೆಗೆ ಬುದ್ಧಿ ಬರುತ್ತೆ ಅಂದುಕೊಂಡ ನಾನೇ ಪೆದ್ದಿ. "ಈ ಮುಂಡೇದೂ ಕದಿಯಕ್ಕೆ ಕಲಿತೈತೆ" ಅಂತ ಎಂಟು ವರ್ಷದ ಮಗುವಿನ ತಟ್ಟೆಯಲ್ಲಿ ಅರ್ಧ ಮುದ್ದೆ ಇಟ್ಟರು. ಕೂಗಾಡಿದೆ. ಅವರು ಮಗುವನ್ನು ಗುಡಿಗೇ ಎಳೆದೊಯ್ದು ಕರ್ಪೂರ ಹಚ್ಚಿದರು. ಉರಿ ನೋಡಿ ಮಗು ಉಚ್ಚೆ ಹೊಯ್ದುಕೊಂಡಿತು.

ಅಕ್ಕ ಮುಂದೆ ಬಂದು ಮಗುವನ್ನು ಹಿಂದಕ್ಕೆ ಸರಿಸಿದಳು.

"ಅದುನ್ನ ಬಿಟ್ಬುಡಿ ಅತ್ತೆ. ನಾನೇ ಕದ್ದು ತಿಂತಿದ್ದೆ, ಅದ್ಕೂ ತಿನ್ನುಸ್ತಿದ್ದೆ. ಅವತ್ತು ಮಾಡಿದ್ದೂ ಸುಳ್ಳು ಪ್ರಮಾಣಾನೇ. ಇನ್ಮೇಲೆ ಅದ್ಕೆ ಏನೂ ಕೊಡಲ್ಲ. ನೀವು ಮಾತ್ರ ಅದ್ಕೆ ಒಟ್ಟೆ ತುಂಬ ಇಕ್ಕಿ."

"ಬಾಯಿ ಬಿಟ್ಲು ನೋಡ್ರಮ್ಮಾ!" ಅಂತ ಅತ್ತೆ ಊರಿಗೆಲ್ಲ ಕೇಳುವ ಹಾಗೆ ಕೂಗಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಸುಳ್ಳು ಅಂತ ಕಿರುಚಲು ಹೊರಟೆ. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಸುಮ್ಕಿರೇ ಅನಸೂಯಾ. ನಂಗೆ ಸಾಕಾಗೋಯ್ತು. ಮಗು ಉಣ್ಲಿ."