ಅಣ್ಣನ ಕೋಟಿನ ರಟ್ಟು

ಬೀದಿಯವರು ಅವನನ್ನು ರಟ್ಟಿನ ಡಾಕ್ಟರು ಎನ್ನುತ್ತಿದ್ದರು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡಿ ನಿವೃತ್ತನಾದ ಮೇಲೆ ಹಳೇ ಪೆಟ್ಟಿಗೆಗಳನ್ನು ರಿಪೇರಿ ಮಾಡಿಕೊಡುತ್ತಿದ್ದ. ಹೆಚ್ಚಿನ ಕೆಲಸ ತರುತ್ತಿದ್ದವರು ಒಬ್ಬ ಮೇಷ್ಟ್ರು. ಅವರಿಗೆ ಹಳೇ ಕಾಲದ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಕೂಡಿಹಾಕುವ ಹುಚ್ಚು. ಯಂತ್ರ ಗಟ್ಟಿಮುಟ್ಟಾಗಿದ್ದರೂ, ಅದರ ಬ್ರಷ್ಷು, ಕೊಳವೆ, ಚಪ್ಪಟೆ ಮೂತಿಗಳನ್ನು ಇಡುವ ರಟ್ಟಿನ ಪೆಟ್ಟಿಗೆ ಮಾತ್ರ ಮೂಲೆ ಬಿಟ್ಟುಕೊಂಡು ಬರುತ್ತಿತ್ತು.

ಆ ಸಲ ಬಂದದ್ದಕ್ಕೆ ಮುಚ್ಚಳವೇ ಇರಲಿಲ್ಲ. ಹೊಸ ರಟ್ಟಿನಲ್ಲಿ ಮಾಡಿ ನೋಡಿದ. ಮುದುಕನ ಬಾಯಲ್ಲಿ ಕಟ್ಟಿಸಿದ ಹಲ್ಲಿನಂತೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಟೀ ಡಿಕಾಕ್ಷನ್ ಬಳಿದರೂ ಹಳೇ ಬಣ್ಣ ಬರಲಿಲ್ಲ. ಆಗ ಅತ್ತಿಗೆಯ ಕೋಣೆಯ ಅಟ್ಟ ನೆನಪಾಯಿತು. ತೀರಿಹೋದ ಅಣ್ಣನ ಹೆಂಡತಿ ಅವರು, ಚಿಕ್ಕಂದಿನಲ್ಲಿ ಅವನನ್ನು ಸಾಕಿದವರು. ಟೈಲರ್ ಆಗಿದ್ದರಿಂದ, ಬಟ್ಟೆ ಕತ್ತರಿಸಲು ಅಳತೆಗೆ ಬೇಕಾದ ರಟ್ಟುಗಳನ್ನು ಅಟ್ಟದಲ್ಲಿ ಒಟ್ಟಿದ್ದರು. ಆ ವಾರ ಮಗಳ ಮನೆಗೆ ಹೋಗಿದ್ದರು. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು, ಕಂದುಬಣ್ಣಕ್ಕೆ ತಿರುಗಿದ ದೊಡ್ಡದೊಂದನ್ನು ಎಳೆದುಕೊಂಡ. ಮೇಲೆ ಪೆನ್ಸಿಲ್ ಗೀಟುಗಳಿದ್ದವು. ಏನೆಂದು ನೋಡುವ ಗೋಜಿಗೆ ಹೋಗದೆ ಕತ್ತರಿಸಿ ಮುಚ್ಚಳ ಮಾಡಿದ.

"ಯಾವ್ದು ಹಳೇದು, ಯಾವ್ದು ನೀವು ಮಾಡಿದ್ದು, ನನಗೇ ಗೊತ್ತಾಗ್ತಿಲ್ವಲ್ರೀ!" ಅಂದರು ಮೇಷ್ಟ್ರು. ಅವನು ಎದೆ ಉಬ್ಬಿಸಿಕೊಂಡು ತಿರುಗಿದ. ಅತ್ತಿಗೆಗೆ ಹೇಳಬೇಕಾದದ್ದು ಮರೆತೇ ಹೋಯಿತು.

ಅತ್ತಿಗೆ ಬಂದ ಮೂರನೇ ದಿನ ಸ್ಟೂಲಿನ ಮೇಲೆ ನಿಂತೇ ಕೇಳಿದರು: "ಏನೋ, ನಿಮ್ಮಣ್ಣನ ಕೋಟಿನ ರಟ್ಟು ಕಾಣ್ತಿಲ್ಲ. ನೋಡಿದ್ಯಾ?"

ಅಣ್ಣನ ಎಡಭುಜ ತುಸು ಇಳಿದಿತ್ತು. ಅದು ಕಾಣದಿರಲೆಂದು ಎರಡು ಪಕ್ಕಕ್ಕೂ ಬೇರೆ ಬೇರೆ ಗೀಟು ಹಾಕಿ ಅತ್ತಿಗೆ ಮಾಡಿಕೊಂಡಿದ್ದ ರಟ್ಟು ಅದು. ಮುಚ್ಚಳವಾಗಿ ಹೋದದ್ದು ಅದೇ. ಅವನ ಬಾಯಿಂದ ಸುಳ್ಳು ತಾನಾಗಿಯೇ ಹೊರಬಿತ್ತು. "ಹುಳ ಹಿಡಿದಿತ್ತು ಅತ್ತಿಗೆ. ಎಸೆದ್ಬಿಟ್ಟೆ."

ಅತ್ತಿಗೆ ಸ್ಟೂಲಿನಿಂದ ಇಳಿದರು. "ಒಳ್ಳೇದೇ ಮಾಡ್ದೆ ಬಿಡು. ಉಳಿದದ್ದಕ್ಕೂ ಹತ್ತಿಕೊಳ್ತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಎರಡು ದಿನ ಅವರು ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದ. ಮೂರನೆಯ ದಿನ ಮೇಷ್ಟ್ರ ಮನೆಗೆ ಹೋದ.

"ಆ ಮುಚ್ಚಳ ವಾಪಸ್ ಬೇಕು."

"ಯಾಕ್ರೀ, ಚೆನ್ನಾಗೇ ಇದ್ಯಲ್ಲ?"

"ಕದ್ದ ಮಾಲು, ಮೇಷ್ಟ್ರೇ."

ಒದ್ದೆ ಬಟ್ಟೆ ಒತ್ತಿ ಅಂಟಿಸಿದ್ದ ಕಾಗದ ಬಿಡಿಸಿದ. ಐದು ತುಂಡು ಸಿಕ್ಕಿತು. ಎಡಭುಜದ ಭಾಗ ಚೂರುಗಳ ಜೊತೆ ಎಂದೋ ಕಸಕ್ಕೆ ಹೋಗಿತ್ತು.

ಹೊಲಿಗೆ ಮೇಜಿನ ಮೇಲೆ ತುಂಡುಗಳನ್ನಿಟ್ಟು ತಲೆ ತಗ್ಗಿಸಿ ನಿಂತ. "ಹುಳ ಅಲ್ಲ ಅತ್ತಿಗೆ. ನಾನೇ."

ಅತ್ತಿಗೆ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದರು. "ಇಷ್ಟು ನೆಟ್ಟಗೆ ತಿನ್ನೋ ಹುಳ ನಾನು ನೋಡೇ ಇರ್ಲಿಲ್ಲ." ಇಬ್ಬರೂ ನಗಲಿಲ್ಲ. "ಕೇಳಿದ್ರೆ ಬೇರೆ ಕೊಡ್ತಿರ್ಲಿಲ್ವೇನೋ?"

ಅವನು ಹೊಸ ರಟ್ಟು ಕತ್ತರಿಸಿಕೊಟ್ಟ. ಅತ್ತಿಗೆ ಭುಜದ ಗೀಟು ಎಳೆದರು, ಅಳಿಸಿದರು, ಮತ್ತೆ ಎಳೆದರು. "ಅರ್ಧ ಇಂಚೋ, ಮುಕ್ಕಾಲೋ? ನಿನಗೆ ನೆನಪಿದ್ಯಾ?"

ಅವನಿಗೂ ನೆನಪಿರಲಿಲ್ಲ.

ಮೇಷ್ಟ್ರಿಗೆ ಹೊಸ ರಟ್ಟಿನಲ್ಲೇ ಬೇರೆ ಮುಚ್ಚಳ ಮಾಡಿಕೊಟ್ಟ. ಅಟ್ಟದಿಂದ ಏನಾದರೂ ಇಳಿಸಬೇಕಿದ್ದರೆ ಅತ್ತಿಗೆ ಈಗಲೂ ಅವನನ್ನೇ ಕೂಗುತ್ತಾರೆ. ಕೇಳಿದ್ದನ್ನು ಕೈಗಿಟ್ಟು, ಅವರ ಮುಖ ನೋಡದೆ ಹೊರಗೆ ಬಂದುಬಿಡುತ್ತಾನೆ.