ತೊಂಬತ್ತೇಳು ಬಂದದಲ್ಲ!

ಆಶಾ ಕಾರ್ಯಕರ್ತಿ ಕೌಸಲ್ಯಾಬಾಯಿನ ಕಂಡ್ರ ನನಗ ಆಗ್ತಿದ್ದಿಲ್ಲ, ಖರೇನೇ ಹೇಳ್ತೇನಿ. ಕೊರೋನಾದ ಎರಡನೇ ಅಲಿಯೊಳಗ ನಮ್ಮ ಸಂತಪುರದಾಗ ಮನಿಮನಿ ಹೊಕ್ಕು, ಬೆರಳಿಗೆ ಆಕ್ಸಿಮೀಟರ್ ಹಚ್ಚಿ, "ಜ್ವರ ಅದೇನ್ರಿ, ದಮ್ಮು ಅದೇನ್ರಿ?" ಅಂತ ತಲಿ ತಿಂತಿದ್ದಳು. ಆಕಿ ಬರಕೊಂಡು ಹೋದಳಂದ್ರ ಹಿಂದೇ ಆಂಬುಲೆನ್ಸ್ ಬರ್ತದ, ಅದರಾಗ ಹೋದವರು ಪ್ಲಾಸ್ಟಿಕ್ ಸುತ್ತಿಸಿಕೊಂಡು ಬರ್ತಾರ ಅಂತ ಊರೆಲ್ಲಾ ಅಂಜ್ತಿತ್ತು. ಕಿರಾಣಿ ಅಂಗಡಿ ಹಾವಗೆಪ್ಪ ಅಂದ್ರ ನಾನೇ, ಅಂಜೋದ್ರಾಗ ಎಲ್ಲಾರಕಿಂತ ಮುಂದ.

ಆವತ್ತು ಮುಂಜಾನಿ ಆರಕ್ಕ ನನ್ನ ಹೆಂಡತಿ ಈರಮ್ಮ, "ದವಡಿ ನೋಯ್ತದರಿ" ಅಂದಳು. ಹಲ್ಲಂತ ತಿಳಿದು ಲವಂಗ ಕೊಟ್ಟೆ. ಆಮ್ಯಾಲ ಎಡಗೈ ಜಡ ಆಗ್ಯದ ಅಂದಳು. ಗ್ಯಾಸ್ ಅಂತ ಸೋಡಾ ಕುಡಿಸಿದೆ. ಎಂಟಕ್ಕ ಕೌಸಲ್ಯಾಬಾಯಿ ಬಂದಾಗ ಈರಮ್ಮನ ಕುಪ್ಪಸ ಬೆವರಿಗೆ ತೊಯ್ದು ತಪ್ಪಡಿ ಆಗಿತ್ತು.

ಬೆರಳಿಗೆ ಹಚ್ಚಿ ನೋಡಿದಳು. ತೊಂಬತ್ತೇಳು.

"ಚೊಲೋ ಬಂದದಲ್ಲ! ಕೊರೋನಾ ಇಲ್ಲ. ನಡೀರಿ ಇನ್ನ," ಅಂದೆ.

"ಅಣ್ಣಾ, ಇದು ಉಸಿರಿಂದು ಹೇಳ್ತದ, ಎದಿದು ಹೇಳಂಗಿಲ್ರಿ. ದವಡಿ, ಎಡಗೈ, ಈ ಬೆವರು... ಹಾರ್ಟಿಂದು ಅನಿಸ್ತದ. ಈಗೇ ಬೀದರಕ್ಕ ಒಯ್ಯಬೇಕು."

ಆಂಬುಲೆನ್ಸಿಗೆ ಫೋನ್ ಹಚ್ಚಿದಳು. ಬರ್ಲಿಕ್ಕ ತಾಸು ಆಗ್ತದ ಅಂದ್ರು. ದಾರಿಗುಂಟ ಹೊಂಟಿದ್ದ ಕಾಯಿಪಲ್ಲೆ ಮಾರೋ ಚಾಂದ ಪಾಶಾನ ಟಂಟಂ ಆಟೋ ತರುಬಿ ನಿಲ್ಲಿಸಿದಳು. ನಾ ಬಾಗಿಲಿಗೆ ಅಡ್ಡ ನಿಂತೆ. "ನನ್ನ ಹೆಂಡತಿ, ನನ್ನ ಮನಿ! ಕೊರೋನಾ ವಾರ್ಡಿಗೆ ಹಾಕಿ ಕೊಲ್ಲಿಸ್ತೀಯೇನು?" ಊರಿಗೊಂದು ದಾರಿಯಾದ್ರ ಎಡವಟ್ಟಗೊಂದು ದಾರಿ ಅಂತಾರಲ್ಲ, ಆ ಎಡವಟ್ಟ ನಾನೇ.

ಮೂವತ್ತು ವರ್ಷ ನನಗ ಎದುರಾಡದ ಈರಮ್ಮ ಗ್ವಾಡಿ ಹಿಡಕೊಂಡು ಎದ್ದಳು.

"ನನಗ ಸಾಯೋ ಮನಸಿಲ್ಲರಿ. ಬಾಜೂಕ ಸರೀರಿ."

ಸರಿದೆ.

ಬೀದರದ ದವಾಖಾನ್ಯಾಗ ಈಸಿಜಿ ನೋಡಿದ ಡಾಕ್ಟರ್, "ನೋವು ಯಾವಾಗ ಚಾಲೂ ಆಯ್ತು?" ಅಂದ್ರು. ಲವಂಗ, ಸೋಡಾ ಅಂತ ಹೊತ್ತು ಕಳದದ್ದಕ್ಕ ನನಗ ನಾಚಿಕಿ ಬಂತು. "ಈಗ ಒಂದು ತಾಸಾತ್ರಿ" ಅಂದುಬಿಟ್ಟೆ.

"ಅಣ್ಣಾ!" ಜೋಡಿ ಬಂದಿದ್ದ ಕೌಸಲ್ಯಾಬಾಯಿ ಒದರಿದಳು. "ಟೈಮ್ ನೋಡೇ ಇಂಜೆಕ್ಷನ್ ಕೊಡ್ತಾರ. ಖರೇ ಹೇಳ್ರಿ!"

"ಮುಂಜಾನಿ ಆರಕ್ಕ," ಅಂದೆ. ಡಾಕ್ಟರ್ ಗಡಿಯಾರ ನೋಡಿ ಒಳಗ ಓಡಿದ್ರು. ಹಾರ್ಟ್ ಅಟ್ಯಾಕೇ ಇತ್ತು; ಇಂಜೆಕ್ಷನ್ನಿನ ಟೈಮ್ ಇನ್ನೂ ಮೀರಿದ್ದಿಲ್ಲ.

ಆರನೇ ದಿನ ಈರಮ್ಮ ನಡಕೋತ ಮನಿಗಿ ಬಂದಳು. ಕೌಸಲ್ಯಾಬಾಯಿ ಈಗ ಜ್ವರದ ಜೋಡಿ ದವಡಿ, ತೋಳು, ಎದಿದೂ ಕೇಳ್ತಾಳ. ಬಂದ್ರ ನಾನೇ ಕುರ್ಚಿ ಹಾಕ್ತೇನಿ.

ಒಂದಿನ ರೊಟ್ಟಿ ಬಡಕೋತ ಈರಮ್ಮ ಕೇಳಿದಳು: "ಆವತ್ತು ನನಗ ಏಳ್ಲಿಕ್ಕೇ ಆಗ್ತಿದ್ದಿಲ್ಲಂದ್ರ, ನೀವು ಬಾಗಿಲು ಬಿಡ್ತಿದ್ರೇನ್ರಿ?"

ಬಿಡ್ತಿದ್ದಿಲ್ಲ. ಅದನ್ನ ಆಕಿಗೆ ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ.