ಬೇವಿನ ಮೂಲೆಯ ಮಣ್ಣು

ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯುವುದು ಸಂಡಿಗೆ ಇಡುವಷ್ಟೇ ಗೋಳಿನ ಕೆಲಸ. ಹೊಲದ ತುಂಬ ಅಡ್ಡಾದಿಡ್ಡಿ ನಡೆದು ಹತ್ತು ಕಡೆ ಗೇಣಾಳದ ಗುಂಡಿ ತೋಡಬೇಕು. ಎಲ್ಲವನ್ನೂ ಕಲೆಸಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಬೇಕು. ಅರ್ಧ ಕಿಲೋ ಉಳಿಯುವ ತನಕ ಇದೇ ಆಟ. ಅಣ್ಣ ಇದನ್ನು ಎರಡು ಸಲ ಹೇಳಿ, ಬಟ್ಟೆ ಚೀಲ ನನ್ನ ಕೈಗಿಟ್ಟು, ಬೀಜ ತರಲು ಕೊಟ್ಟೂರಿಗೆ ಹೋದ.

ಅವನು ಪಿಯುಸಿ ಓದಿದವನು, ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕೋಗಳಿ ಹಾದಿಯ ಎರಡೆಕರೆಯನ್ನು ಅಪ್ಪ ಅವನಿಗೆ ಒಂದೇ ವರ್ಷಕ್ಕೆ ಬಿಟ್ಟುಕೊಟ್ಟಿದ್ದ. ಪರೀಕ್ಷೆಯ ಕಾಗದ ನೋಡಿ ಗೊಬ್ಬರ ಹಾಕಿ, ಮೆಕ್ಕೆಜೋಳ ಬೆಳೆದು ತೋರಿಸಿದರೆ ಹೊಲ ಅವನದು. ಇಲ್ಲವಾದರೆ ಮತ್ತೆ ಅಪ್ಪ ಹೇಳಿದ ಹಾಗೆ ಕೇಳಬೇಕು.

ಹೊಲಕ್ಕೆ ಹೋದೆ. ಬಿಸಿಲು ನೆತ್ತಿ ಸುಡುತ್ತಿತ್ತು. ನೆಲ ಕಲ್ಲಾಗಿತ್ತು. ಬೇವಿನ ನೆರಳಿದ್ದ ಮೂಲೆಯಲ್ಲಿ ಮಾತ್ರ, ಅಪ್ಪ ಗೊಬ್ಬರಕ್ಕೆಂದು ಕುರಿಯವರ ಹಿಂಡನ್ನು ಮೂರು ರಾತ್ರಿ ಮಲಗಿಸಿದ್ದ ಜಾಗದಲ್ಲಿ, ಸಲಿಕೆ ತಾನಾಗಿ ಇಳಿಯಿತು. ಮಣ್ಣೆಲ್ಲ ಅಲ್ಲೇ ತೆಗೆದೆ. ಆಮೇಲೆ ಒಂದೇ ಗುಂಡಿಯ ಮಣ್ಣನ್ನು ಬಹಳ ಶ್ರದ್ಧೆಯಿಂದ ಕಲೆಸಿ, ನಾಲ್ಕು ಪಾಲು ಮಾಡಿ, ಎರಡು ಪಾಲು ಚೆಲ್ಲಿದೆ. ಅದರಲ್ಲಿ ಮೋಸ ಮಾಡಲಿಲ್ಲ.

ಕಾಗದ ಬಂತು. ಹೊಲದಲ್ಲಿ ಸಾರಜನಕ ಬೇಕಾದಷ್ಟಿದೆ, ಯೂರಿಯಾ ಕಡಿಮೆ ಹಾಕಿ ಎಂದಿತ್ತು. ಅಣ್ಣ ಅದನ್ನು ಅಪ್ಪನ ಮುಂದೆ ನಿಂತು ಗಟ್ಟಿಯಾಗಿ ಓದಿದ. ಯೂರಿಯಾ ತರಲೇ ಇಲ್ಲ. ಪೈರು ಮೊಣಕಾಲುದ್ದ ಆದಾಗ ಹೊಲವೆಲ್ಲ ಅರಿಶಿನ ಬಳಿದಂತಾಯಿತು. ಬೇವಿನ ಮೂಲೆ ಒಂದೇ ಕಡುಹಸಿರಾಗಿ ನಿಂತು, ದಾರಿಹೋಕರಿಗೆಲ್ಲ ನನ್ನ ಗುಟ್ಟು ಹೇಳುತ್ತಿತ್ತು.

ಅಣ್ಣ ಹಳದಿ ಎಲೆಗಳನ್ನು ಕಿತ್ತುಕೊಂಡು, ಮಣ್ಣು ಪರೀಕ್ಷೆಯ ಸಾಹೇಬರ ಜೊತೆ ಜಗಳಕ್ಕೆಂದು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದ. ಬಸ್ಸು ಹೋಗುವವರೆಗೂ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಸಂಜೆ ತಣ್ಣಗಾಗಿ ಬಂದ. ಊಟಕ್ಕೆ ಕೂತು, ಸಾಹೇಬರು ಹೇಳಿದ್ದನ್ನು ಒಪ್ಪಿಸಿದ: ಸಾರಜನಕ ಸಾಲದಾದಾಗ ಗಿಡ ಹಳೆಯ ಎಲೆಯದನ್ನು ಎಳೆದು ಎಳೆಯ ಎಲೆಗೆ ಕೊಡುತ್ತದಂತೆ, ಅದಕ್ಕೇ ಕೆಳಗಿನವು ಮೊದಲು ಹಳದಿಯಾಗುತ್ತವಂತೆ. ಅವ್ವನೂ ಅಣ್ಣನ ತಟ್ಟೆಯ ಬೆಲ್ಲ ತೆಗೆದು ನನ್ನ ತಟ್ಟೆಗೆ ಹಾಕುತ್ತಿದ್ದಳು.

"ಮಣ್ಣು ತೆಗದವ್ರು ಯಾರು ಅಂತ ಕೇಳಿದ್ರು," ಎಂದ ಅಣ್ಣ. "ನನ್ನ ತಂಗಿರಿ, ಅಕಿ ಸುಳ್ಳು ಹೇಳಾಕಿ ಅಲ್ಲ ಅಂತ ಹೇಳಿ ಬಂದೆ."

ನಾನು ರೊಟ್ಟಿ ತಟ್ಟೆಗಿಟ್ಟೆ.

"ಅಣ್ಣ, ಮಣ್ಣೆಲ್ಲಾ ಬೇವಿನ ಮೂಲ್ಯಾಗಿಂದು."

ಅವನು ಅಗಿಯುವುದನ್ನು ನಿಲ್ಲಿಸಿದ. ಮೊದಲು ನಕ್ಕವನು ಅಪ್ಪ. "ಹಂಗಾದ್ರ ಪಾಸಾಗಿದ್ದು ನನ್ನ ಕುರಿಗೊಬ್ಬರ," ಎಂದ.

ಮರುದಿನವೇ ಅಣ್ಣ ಯೂರಿಯಾ ಹಾಕಿದ. ಪೈರು ಚೇತರಿಸಿಕೊಂಡಿತು, ಆದರೆ ತೆನೆ ಗಿಡ್ಡವಾದವು. ಹೊಲ ಮತ್ತೆ ಅಪ್ಪನ ಮಾತಿಗೆ ಹೋಯಿತು. ಮುಂದಿನ ಬೇಸಿಗೆ ಎರಡೂ ಎಕರೆಯಲ್ಲಿ ಕುರಿಗಳು ಮಲಗಿದವು. ಅಣ್ಣನ ಕೈಗೆ ಹೊಲ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಅಷ್ಟು ದಿನವೂ ಅವನು ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತು ಆಡಿ ಹಗುರಾಗುತ್ತಿದ್ದೆ.

ಈಗ ಗಂಡನ ಊರು ತೆಲಿಗಿಯಿಂದ ಬೇಸಿಗೆಗೆ ತವರಿಗೆ ಹೋದರೆ, ಚೀಲ ನನ್ನ ಕೈಗೇ ಕೊಡುತ್ತಾನೆ. ಹತ್ತಲ್ಲ, ಹದಿನೈದು ಕಡೆ ತೋಡುತ್ತೇನೆ. ಬೇವಿನ ಹತ್ತಿರ ನೀರು ಕುಡಿಯಲೂ ಕೂರುವುದಿಲ್ಲ. ತಂದುಕೊಟ್ಟ ಮೇಲೆ ಅಣ್ಣ ಚೀಲಕ್ಕೆ ಮೂಗು ಹಚ್ಚುತ್ತಾನೆ. ಏನದು ಎಂದು ಕೇಳಿದರೆ,

"ನೆಳ್ಳಿನ ವಾಸನಿ ಬರ್ತೈತೇನು ನೋಡಾಕತ್ತೀನಿ," ಅನ್ನುತ್ತಾನೆ.